ನೀಲವ್ವನ ಹಗ್ಗ

ನಮ್ಮ ಊರಿನಲ್ಲಿ ಬಟ್ಟೆಯನ್ನು ಕತ್ತಲೆಯಲ್ಲಿ ಒಣಗಿಸುತ್ತಾರೆ. ಬೇರೆ ಊರಿನಿಂದ ಸೊಸೆಯಾಗಿ ಬಂದವಳಿಗೆ ಅತ್ತೆ ಕಲಿಸುವ ಮೊದಲ ಪಾಠವೇ ಅದು. ಒಲೆ, ಬೀಸುವ ಕಲ್ಲು ಎಲ್ಲ ಆಮೇಲೆ. ಮೊದಲು ಒಗೆದದ್ದನ್ನು ಎಲ್ಲಿ ಹರವಬೇಕು ನೋಡಿಕೊ ಅನ್ನುತ್ತಾಳೆ. ಯಾಕೆಂದರೆ ಇಲ್ಲಿ ಬಟ್ಟೆ ತನ್ನನ್ನು ಕಡೆಯ ಸಲ ಹಾಕಿಕೊಂಡ ಮೈಯನ್ನು ಮರೆಯುವುದಿಲ್ಲ. ಹಗ್ಗದ ಮೇಲೆ ಹಾಕಿದರೆ ನೀರು ಆರುತ್ತ ಬಂದಂತೆ ಅಂಗಿ ತುಂಬಿಕೊಳ್ಳುತ್ತದೆ. ಹೊಟ್ಟೆ ಇದ್ದವನ ಅಂಗಿಗೆ ಹೊಟ್ಟೆ, ಗೂನು ಇದ್ದವನ ಅಂಗಿಗೆ ಗೂನು. ಸೀರೆಯಾದರೆ ತಾನೇ ನೆರಿಗೆ ಹಿಡಿದು, ಸೆರಗು ಹೊದ್ದು, ಉಟ್ಟವಳ ನಿಲುವಿನಲ್ಲೇ ನಿಲ್ಲುತ್ತದೆ. ತಲೆ ಇಲ್ಲ, ಕಾಲಿಲ್ಲ, ಉಳಿದದ್ದೆಲ್ಲ ಇರುತ್ತದೆ.

ತನ್ನ ಮೈಯನ್ನು ಓಣಿಗೆ ತೂಗುಹಾಕಲು ಯಾರಿಗೆ ಮನಸ್ಸಾದೀತು? ಹಾಗಾಗಿ ನಾವು ಮಂಚದ ಕೆಳಗೆ, ಕಾಳಿನ ಕೋಣೆಯಲ್ಲಿ, ಬಚ್ಚಲ ಒಲೆಯ ಹಿಂದೆ ಬಟ್ಟೆ ಹರವುತ್ತೇವೆ. ಮಡಚುವಾಗ ಮುಖ ಗೋಡೆಯ ಕಡೆ ಇರಬೇಕು. ಬೇರೆಯವರದ್ದಿರಲಿ, ತನ್ನದನ್ನೂ ಬೆಳಕಿನಲ್ಲಿ ಬಿಚ್ಚಿ ನೋಡಬಾರದು. ಜೀವಮಾನವೆಲ್ಲ ಒಂದೇ ಹಾಸಿಗೆಯಲ್ಲಿ ಮಲಗಿದ ಗಂಡ ಹೆಂಡತಿ ಒಬ್ಬರ ಬಟ್ಟೆಯನ್ನೊಬ್ಬರು ನೋಡದೆ ಸತ್ತದ್ದು ಬೇಕಾದಷ್ಟಿದೆ. ಬಟ್ಟೆ ಸರಿಯಾಗಿ ಆರುವುದಿಲ್ಲ, ಮುಗ್ಗಲು ವಾಸನೆ ಬಿಡುವುದಿಲ್ಲ. ಪರಊರಿಗೆ ಹೋದಾಗ ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಂಡು ಸರಿದು ಕೂತರೆ, ನಾವು ಯಾವ ಊರಿನವರೆಂದು ಅವರಿಗೆ ತಿಳಿಯಿತು ಅಂದುಕೊಳ್ಳುತ್ತೇವೆ.

ಬಟ್ಟೆ ಬಿಸಿಲು ಕಾಣುವುದು ಒಂದೇ ಒಂದು ದಿನ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಮಣ್ಣು ಮಾಡಿದ ಮರುದಿನ ಹೊತ್ತು ಮೂಡುವ ಮೊದಲು ಮನೆಯ ಗಂಡಸು ಬಾಗಿಲ ಮುಂದೆ ಹಗ್ಗ ಕಟ್ಟಿ ಸತ್ತವರ ಒಂದು ಬಟ್ಟೆಯನ್ನು ತೊಯಿಸಿ ಹಾಕುತ್ತಾನೆ. ಅದು ಆರಿ ತುಂಬಿಕೊಳ್ಳುತ್ತದೆ. ಓಣಿಯವರು ಬಂದು ತೋಳನ್ನೋ ಸೆರಗನ್ನೋ ಹಿಡಿದು, ಹೇಳಬೇಕಾದದ್ದನ್ನು ಹೇಳಿ ಹೋಗುತ್ತಾರೆ. ಹೊತ್ತು ಮುಳುಗುವಾಗ ಮೈ ಬಿಟ್ಟುಹೋಗುತ್ತದೆ, ಬಟ್ಟೆ ಜೋತುಬೀಳುತ್ತದೆ. ಸತ್ತವರ ಬೇರೆ ಬಟ್ಟೆಗಳೂ, ಅವು ಎಲ್ಲೇ ಇರಲಿ, ಅದೇ ಗಳಿಗೆಗೆ ಬರಿದಾಗುತ್ತವೆ. ಹಾಕಿದ ಕೈಯೇ ಅದನ್ನು ತೆಗೆದು ಮಡಚಿ, ದೀಪ ಹಚ್ಚಿ ಹೆಸರು ಹೇಳಬೇಕು. ಆ ದಿನ ಯಾವ ರೂಪ ಹಗ್ಗದ ಮೇಲಿತ್ತೋ ಮನೆಗೆ ಮುಂದೆ ಅದೇ ನೆನಪು, ಆ ದಿನ ಯಾವ ಹೆಸರು ಹೇಳಿದರೋ ವರುಷ ವರುಷವೂ ಅದೇ ಹೆಸರು. ಮತ್ತೊಂದು ಕಟ್ಟಳೆಯೂ ಇದೆ: ಹೊತ್ತು ಮುಳುಗುವ ತನಕ ಹಗ್ಗ ಬರಿದಾಗಿರಬಾರದು.

ನಾವು ಮೂವರು ಒಡಹುಟ್ಟಿದವರು. ನಾನು ಸಂಕವ್ವ, ಹಿರಿಯವಳು. ನನ್ನ ನಂತರ ಫಕೀರಪ್ಪ. ಕಡೆಯವಳು ನೀಲವ್ವ. ಹುಟ್ಟಿದಾಗ ಅವಳನ್ನು ಗಂಡೆಂದು ತಿಳಿದು ಗಂಡಿನ ಹೆಸರಿಟ್ಟಿದ್ದರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವಳು ಇಳಿಸಿಟ್ಟು ಹೋದ ಹೊರೆಯನ್ನು ನಾನು ಮತ್ತೆ ಹೊರಿಸಬಾರದು.

ಗಂಡ ಸತ್ತು ನಾನು ತವರಿಗೆ ತಿರುಗಿ ಬಂದಾಗ ಅವಳಿಗೆ ಮೀಸೆ ಮೂಡುವ ವಯಸ್ಸು. ನಾನಿಲ್ಲದಾಗ ನನ್ನ ಸೀರೆ ಉಡುತ್ತಿದ್ದಳು. ಮಂಚದ ಕೆಳಗೆ ಒಣಗಿದ ಸೀರೆ ನನ್ನ ನಿಲುವಿಗಿಂತ ಒಂದು ಗೇಣು ಉದ್ದ ಚಾಚಿದ್ದನ್ನು ಕೈಯಲ್ಲಿ ಮುಟ್ಟಿ ತಿಳಿದೆ, ಏನೂ ಕೇಳಲಿಲ್ಲ. ಅದೇ ಸೀರೆಯನ್ನು ಅವಳ ಹಾಸಿಗೆಯ ಮೇಲೆ ಮಡಚಿಟ್ಟೆ. ಎಷ್ಟೋ ಕಾಲದ ನಂತರ ಅವಳು ನಮ್ಮ ಆಯಿಯ, ಅಂದರೆ ಅಜ್ಜಿಯ, ಹೆಸರನ್ನು ಇಟ್ಟುಕೊಂಡು, ಆ ಸೀರೆ ಉಟ್ಟು, ಹಾಡಹಗಲೇ ಓಣಿಯಲ್ಲಿ ನಡೆದು ಹತ್ತಿ ಗಿರಣಿಗೆ ಹೋದಳು. ಫಕೀರಪ್ಪ ಜಗಲಿಯ ಮೇಲೆ ಕೂತಿದ್ದ, ಎದ್ದು ಒಳಗೆ ಹೋದ. ನನಗೊಬ್ಬ ತಮ್ಮನಿದ್ದ, ಊರು ಬಿಟ್ಟು ಹೋದ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಗಿರಣಿ ನಮ್ಮ ಮನೆಯ ಮಾಳಿಗೆಯಿಂದ ಕಾಣಿಸುತ್ತದೆ.

ಗಿರಣಿ ನಿಂತು ಬಹಳ ಕಾಲವಾಗಿತ್ತು. ತಗಡು ಹಾರಿಹೋಗಿ ಗೋಡೆ ಉಳಿದಿತ್ತು. ಅಲ್ಲಿ ಇದ್ದವರು ಮೆಹಬೂಬಿ ಮತ್ತು ಪರಸಪ್ಪ. ಮೆಹಬೂಬಿ ಬಟ್ಟೆಗೆ ಬಣ್ಣ ಹಾಕುತ್ತಿದ್ದಳು, ಹಾಡುತ್ತಿದ್ದಳು. ಅವಳ ಮೈಗೆ ಅಳತೆ ಹಿಡಿಯಲು ಟೇಪು ಸಾಲದು ಎಂದು ಸಿಂಪಿಗರು ಆಡಿಕೊಳ್ಳುತ್ತಿದ್ದರು. ಟೇಪು ಸಾಲದಿದ್ದರ ಹಗ್ಗ ತರ್ರಿ ಎಂದು ಅವಳೇ ನಗುತ್ತಿದ್ದಳು. ಪರಸಪ್ಪನ ಬಲಗೈಯನ್ನು ಗಿರಣಿಯ ಯಂತ್ರ ನುಂಗಿತ್ತು. ಅವನು ಎಡಗೈಯಲ್ಲಿ ಇದ್ದಲು, ಕೆಮ್ಮಣ್ಣು ಹಿಡಿದು ಗೋಡೆ ತುಂಬ ಚಿತ್ರ ಬರೆಯುತ್ತಿದ್ದ. ನೀಲವ್ವ ಹೋಗಿ ಹಲಗೆ ಬಾರಿಸುವುದನ್ನೂ ಹೊಲಿಗೆಯನ್ನೂ ಹಿಡಿದಳು. ಮೂವರೂ ಸೇರಿ ಅಂಗಳದಲ್ಲಿ ಹಗ್ಗ ಕಟ್ಟಿ ತಮ್ಮ ಬಟ್ಟೆಗಳನ್ನು ಬಿಸಿಲಿಗೆ ಹಾಕತೊಡಗಿದರು. ಬಟ್ಟೆ ತುಂಬಿಕೊಂಡ ಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಬಟ್ಟೆಯ ಪಕ್ಕ ನಿಂತು ಅದರ ಗುರುತು ಹೇಳುವುದು, ಅದರ ಮೇಲೆ ಹಾಡು ಕಟ್ಟಿ ಹಾಡುವುದು. ಹಲಗೆಗೆ ಸರಿಯಾಗಿ ಅದರ ಜೊತೆ ಕುಣಿಯುವುದು. ಪರಸಪ್ಪ ಆ ನೆರಳುಗಳನ್ನು ಗೋಡೆಯ ಮೇಲೆ ಹಿಡಿಯುವುದು. ಅವರು ಅದನ್ನು ಬಿಸಿಲ ಮೇಳ ಎಂದು ಕರೆದರು. ಊರಿನವರು ಬತ್ತಲೆ ಮೇಳ ಅಂದರು. ಮೇಳದವರಷ್ಟು ಮೈತುಂಬ ಬಟ್ಟೆ ಹಾಕಿದವರು ಊರಲ್ಲೇ ಇರಲಿಲ್ಲ, ಆ ಮಾತು ಬೇರೆ.

ಬಯ್ದವರೇ ಮುಸುಕು ಹಾಕಿಕೊಂಡು ಗೋಡೆಯ ಆಚೆಯಿಂದ ನೋಡುತ್ತಿದ್ದರು. ನಾನೂ ಒಮ್ಮೆ ಹಾಗೆಯೇ ನೋಡಿದೆ. ನೀಲವ್ವ ಹಸಿರು ದಡಿಯ ಸೀರೆಯ ಪಕ್ಕ ನಿಂತಿದ್ದಳು. ಸೀರೆಯ ಹೆಗಲು ಅಗಲ, ಸೊಂಟ ಸಪಾಟು, ಹಲಗೆಯ ಪಟ್ಟಿ ಹೊತ್ತು ಹೊತ್ತು ಒಂದು ಭುಜ ಇಳಿದಿತ್ತು. ಗೋಡೆಯಾಚೆ ಯಾರೋ ಸೀಟಿ ಹೊಡೆದರು. ಅವಳು ಸೀಟಿ ನಿಲ್ಲುವ ತನಕ ತಡೆದಳು.

“ಇದು ನಾನು,” ಅಂದಳು. “ಹೆಗಲು ನಮ್ಮಪ್ಪಂದು. ನಿಂದ್ರೂದು ನಮ್ಮ ಆಯಿದು. ಉಳಿದದ್ದು ನಂದು.”

ಅಷ್ಟೇ ಹೇಳಿ ಹಲಗೆ ಎತ್ತಿಕೊಂಡಳು.

ಫಕೀರಪ್ಪ ಸಂತೆಗೆ ಹೋದ ದಿನ ಅವಳು ಹಿತ್ತಲ ಬಾಗಿಲಿಗೆ ಬರುತ್ತಿದ್ದಳು. ಒಳಗೆ ಕರೆದರೂ ಬರುತ್ತಿರಲಿಲ್ಲ, ಒಗೆಯುವ ಕಲ್ಲಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು. ಆ ಹೊತ್ತಿಗೆ ನನ್ನ ಎದೆಯಲ್ಲಿ ಗಂಟಾಗಿ, ಪರಊರಿನ ಆಸ್ಪತ್ರೆಯಲ್ಲಿ ಎಡಗಡೆಯ ಮೊಲೆ ತೆಗೆದಿದ್ದರು. ಜೀವ ಉಳಿಯಿತು. ಆದರೆ ಅಂದಿನಿಂದ ನನ್ನ ಕುಪ್ಪಸಗಳನ್ನು ನಾನು ಮಂಚದ ಕೆಳಗೂ ಬರಿದೇ ಹರವಲಿಲ್ಲ. ಮಂಚದ ಕೆಳಗೆ, ಅವುಗಳ ಮೇಲೆ ಮೊರ ಕವುಚಿ, ಮೊರದ ಮೇಲೆ ಗೋಣಿ ಹಾಕಿ ಒಣಗಿಸುತ್ತಿದ್ದೆ. ಸದಾ ಹಸಿಯಾಗಿರುತ್ತಿದ್ದವು. ಹೊಲಿಗೆ ಹಾಕಿದ ಜಾಗ ಕೆರೆಯುತ್ತಿತ್ತು, ಹುಣ್ಣಾಗುತ್ತಿತ್ತು. ನೀಲವ್ವ ಮುಲಾಮು ತಂದುಕೊಡುತ್ತಿದ್ದಳು.

“ಅಕ್ಕಾ, ಇದು ಮುಲಾಮಿಗೆ ಹೋಗೂದಲ್ಲ,” ಅನ್ನುತ್ತಿದ್ದಳು. “ಒಂದ ಸಲ ಕುಬಸ ಬಿಸಿಲಿಗೆ ಹಾಕು. ಬಿಸಿಲಿನ ವಾಸನಿ ಹೆಂಗಿರತೈತಿ ಅನ್ನೂದ ಗೊತ್ತಿಲ್ಲ ನಿನಗ.”

“ಸುಮ್ಮನಿರಬೇ. ಮುದುಕಿಗೆ ಯಾತರ ವಾಸನಿ,” ಅನ್ನುತ್ತಿದ್ದೆ. ಅವಳು ಒತ್ತಾಯ ಮಾಡುತ್ತಿರಲಿಲ್ಲ. ರೊಟ್ಟಿಯ ಚೂರನ್ನು ಕಾಗೆಗೆ ಹಾಕಿ ಎದ್ದು ಹೋಗುತ್ತಿದ್ದಳು.

ಈ ಸಲದ ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂತು, ಇಳಿಯಲಿಲ್ಲ. ಮೆಹಬೂಬಿ ಹೇಳಿ ಕಳಿಸಿದಾಗ ನಾನು ಮುಸುಕು ಹಾಕದೆ ಗಿರಣಿಗೆ ಹೋದೆ. ನೀಲವ್ವ ಕೌದಿ ಹೊದ್ದು ಮಲಗಿದ್ದಳು. ಕೈ ಹಿಡಿದರೆ ಕಾದ ಹಂಚಿನ ಹಾಗಿತ್ತು. ಮನೆಯಲ್ಲಿ ಎಲ್ಲರ ಸುದ್ದಿ ಕೇಳಿದಳು, ಫಕೀರಪ್ಪನ ಮೊಮ್ಮಗಳಿಗೆ ಹಲ್ಲು ಬಂತೇ ಎಂದು ಕೇಳಿದಳು. ಆಮೇಲೆ ಹೇಳಿದಳು:

“ಹಗ್ಗ ನಮ್ಮ ಮನಿ ಮುಂದ ಕಟ್ರಿ. ಅಲ್ಲಿ ಹುಟ್ಟಿದಾಕಿ ನಾನು. ಹಸಿರು ದಡಿ ಸೀರಿ ಹಾಕ್ರಿ. ನನ್ನ ಹಗ್ಗದ ಮ್ಯಾಲ ಬ್ಯಾರೆ ಯಾರನ್ನೂ ನಿಂದ್ರಸಬ್ಯಾಡ್ರಿ ಅಕ್ಕಾ. ಇದೊಂದ ಮಾತು.”

ಮಾತು ಕೊಟ್ಟೆ. ಕೊಡುವಾಗಲೇ ಗೊತ್ತಿತ್ತು, ಹಗ್ಗ ಕಟ್ಟುವ ಕೈ ನನ್ನದಲ್ಲ.

ಮಣ್ಣಿಗೆ ಫಕೀರಪ್ಪ ಬಂದ. ದೂರ ನಿಂತಿದ್ದ, ಎಲ್ಲರದ್ದೂ ಮುಗಿದ ಮೇಲೆ ಬಂದು ಒಂದು ಹಿಡಿ ಮಣ್ಣು ಹಾಕಿದ. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ನಾನು ಸೀರೆಯ ಮಾತು ತೆಗೆದೆ. ಹಗ್ಗ ಕಟ್ಟುತ್ತೇನೆ, ಮನೆಯ ಮುಂದೆಯೇ ಕಟ್ಟುತ್ತೇನೆ, ಆದರೆ ಅಂಗಿ ಹಾಕುತ್ತೇನೆ ಅಂದ. ನಾನು ಅವಳ ಮಾತನ್ನು ಹೇಳಿದೆ. ಬೀಗರ ಮಾತು ಬಂತು, ಓಣಿಯ ಮಾತು ಬಂತು. ಎಲ್ಲ ಮುಗಿದ ಮೇಲೆ ಅವನ ದನಿ ಸಣ್ಣದಾಯಿತು.

“ಅಂಗಿ ಹಾಕಿದ್ರ ಅವ ತಿರುಗಿ ಮನಿಗೆ ಬಂದಂಗ ಆಕೈತಿ ಅಕ್ಕಾ. ಒಂದ ದಿನರ ನಮ್ಮ ಬಾಗಲದಾಗ ನನ್ನ ತಮ್ಮ ನಿಂದರಲಿ.”

“ನಿನಗ ಬೇಕಾದವ ನಿಂದರತಾನ. ಸತ್ತಾಕಿ ಎಲ್ಲಿ ನಿಂದರಬೇಕು?”

ಅವನು ಎದ್ದ. ಟ್ರಂಕು ಇದ್ದ ಕೋಣೆಗೆ ಹೋದ.

ಆ ಟ್ರಂಕಿನಲ್ಲಿ ಒಂದು ಅಂಗಿ ಇತ್ತು. ಹಿಂದೆ ಸೋದರತ್ತೆಯ ಮಗಳ ಮದುವೆಗೆಂದು ನಮ್ಮಪ್ಪ ಒಂದೇ ಥಾನಿನ ನೀಲಿ ಚೌಕಳಿ ಬಟ್ಟೆ ತಂದು ಇಬ್ಬರಿಗೂ ಒಂದೊಂದು ಅಂಗಿ ಹೊಲಿಸಿದ್ದ. ಇಬ್ಬರೂ ಆಗ ಒಂದೇ ಎತ್ತರ, ಒಂದೇ ಬಡಕಲು. ಎರಡರಲ್ಲಿ ಮನೆಯಲ್ಲಿ ಉಳಿದ ಒಂದನ್ನು ತಮ್ಮ ಬಿಟ್ಟು ಹೋದ ಅಂಗಿಯೆಂದು ಫಕೀರಪ್ಪ ಬೇವಿನೆಲೆ ಹಾಕಿ ಇಷ್ಟು ವರುಷ ಕಾಪಾಡಿದ್ದ. ಎಂದೂ ಬಿಚ್ಚಿ ನೋಡಿರಲಿಲ್ಲ. ನೋಡುವುದಾದರೂ ಹೇಗೆ, ನಾವು ಈ ಊರಿನವರು. ಗೋಡೆಗೆ ಮುಖ ಮಾಡಿ ತೆಗೆದ, ಕತ್ತಲೆಯಲ್ಲಿ ತೊಯಿಸಿದ, ಹಿಂಡಿದ, ಕೋಳಿ ಕೂಗುವ ಮೊದಲು ಹಗ್ಗದ ಮೇಲೆ ಹಾಕಿದ.

ಹೊತ್ತು ಮೂಡಿದ ಮೇಲೆ ಓಣಿಯವರು ಬಂದರು. ಇಷ್ಟು ಜನ ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಅಂಗಿ ಹಾಕಿದ್ದಾರೆ ಎಂಬ ಸುದ್ದಿ ಕೇಳಿ ನಿರಾಳವಾಗಿ ಬಂದವರಿದ್ದರು. ಮೇಳದವರು ಬಂದಿರಲಿಲ್ಲ. ಎದುರು ಮನೆಯ ಅಂಬವ್ವ, ನಮ್ಮ ಮೂವರನ್ನೂ ಎತ್ತಿ ಆಡಿಸಿದವಳು, ಮೊದಲು ಬಂದು ಎಡತೋಳನ್ನು ಹಿಡಿದುಕೊಂಡಳು. ಕಣ್ಣು ಮಂಜಾದವಳು, ನೋಡುವುದನ್ನೂ ಕೈಯಿಂದಲೇ ನೋಡುವವಳು. ಬಿಸಿಲು ಮಾಳಿಗೆಯಿಂದ ಇಳಿದು ಹಗ್ಗಕ್ಕೆ ತಾಕಿತು. ಅಂಗಿಯ ಎದೆ ಮೆಲ್ಲಗೆ ಎದ್ದಿತು, ಚಿಕ್ಕ ಹುಡುಗರ ಎದೆಯ ಹಾಗೆ, ಎಲುಬು ಎಣಿಸುವ ಹಾಗೆ. ಅಂಬವ್ವ ಹೋಗಿ ಬಾ ತಮ್ಮಾ ಎಂದು ಶುರು ಮಾಡಿದವಳು ನಡುವೆ ನಿಲ್ಲಿಸಿದಳು. ಅವಳ ಕೈಯೊಳಗೆ ತೋಳು ತುಂಬಿಕೊಂಡು, ಮೊಣಕೈ ಹತ್ತಿರ ಹೊರಕ್ಕೆ ಸೊಟ್ಟಗೆ ತಿರುಗಿ, ಅಲ್ಲೇ ನಿಂತಿತ್ತು.

ಆ ಮೊಣಕೈ ಊರಿಗೆಲ್ಲ ಗೊತ್ತು. ಎಳವೆಯಲ್ಲಿ ಹುಣಸೆ ಮರದಿಂದ ಬಿದ್ದು ಮುರಿದದ್ದು, ಸೊಟ್ಟಗೆ ಕೂಡಿದ್ದು. ಅದನ್ನು ಮುಚ್ಚಲೆಂದೇ ಫಕೀರಪ್ಪ ಬೇಸಿಗೆಯಲ್ಲೂ ಶಲ್ಯ ಹೊದೆಯುತ್ತಾನೆ.

ಅಂಬವ್ವ ತೋಳನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ಸವರಿದಳು.

“ಫಕೀರಪ್ಪಾ,” ಅಂದಳು, “ಇದು ನೀನಲ್ಲೇನೋ.”

ಸಾಲಿನಲ್ಲಿ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು. ಬದುಕಿದ್ದವರ ಬಟ್ಟೆ ಆ ಹಗ್ಗ ಏರಿದ್ದನ್ನು ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಹೊತ್ತು ಮುಳುಗಿದಾಗ ಮೈ ಬಿಟ್ಟುಹೋಗುವುದು ಬಟ್ಟೆಯಿಂದ ಮಾತ್ರವೋ, ಅಥವಾ ಬಟ್ಟೆ ಹಾಕಿದವನಿಂದಲೂ ಹೋಗುತ್ತದೋ, ಯಾರು ಬಲ್ಲರು. ಫಕೀರಪ್ಪನ ಹೆಂಡತಿ ತಾಳಿ ಹಿಡಿದುಕೊಂಡು ಹೊಸ್ತಿಲಲ್ಲೇ ಕುಸಿದಳು. ಕಿತ್ತು ಬಿಸಾಡ್ರಿ ಎಂದು ಯಾರೋ ಅಂದರೆ, ಹಗ್ಗ ಬರಿದಾದರೆ ಇನ್ನೂ ಕೆಡುಕು ಎಂದು ಮತ್ತೊಬ್ಬರು ಅಂದರು.

ಫಕೀರಪ್ಪ ಜಗಲಿಯ ಮೇಲೆ ಕೂತ. ನಾನು ಪಕ್ಕದಲ್ಲಿ ಕೂತೆ. ಅವನು ಹೆದರಿದ್ದ, ಅದು ನನಗೆ ಅವನ ಉಸಿರಿನಲ್ಲೇ ಕೇಳಿಸುತ್ತಿತ್ತು. ಆದರೂ ಕಣ್ಣನ್ನು ಆ ಅಂಗಿಯಿಂದ ಕೀಳಲಿಲ್ಲ. ತನ್ನ ರೂಪವನ್ನು ಬಿಸಿಲಿನಲ್ಲಿ ಅವನು ಕಂಡದ್ದು ಅದೇ ಮೊದಲು, ಅದೂ ಹರೆಯದ ರೂಪ. ಗಾಳಿ ಬಂದಾಗ ಅಂಗಿ ಸೊಟ್ಟ ಕೈಯನ್ನು ಎತ್ತಿ ಇಳಿಸಿತು.

“ಇಷ್ಟ ಸಣ್ಣವ ಇದ್ನ್ಯಾ ನಾನು,” ಅಂದ.

“ಇದ್ದಿ. ಇಬ್ಬರೂ ಹಂಗ ಇದ್ರಿ.”

ಶಲ್ಯದೊಳಗಿಂದ ಎಡಗೈ ಹೊರಗೆ ತೆಗೆದ. ಅದನ್ನು ನೋಡಿದ, ಅಂಗಿಯನ್ನು ನೋಡಿದ.

“ಇಷ್ಟು ವರ್ಷ ಬೇವಿನೆಲಿ ಹಾಕಿ ನನ್ನನ್ನ ನಾನ ಮಡಚಿಟ್ಟಿದ್ದೆ. ಅವಂದಂತ ತಿಳಿದು…” ನನ್ನ ಕಡೆ ತಿರುಗಿದ, “ಹೋಗಕ್ಕಾ. ಸೀರಿ ತೊಗೊಂಬಾ. ಅವರನ್ನೂ ಕರಿ.”

ಗಿರಣಿಯಲ್ಲಿ ಮೆಹಬೂಬಿ ಸೀರೆಯನ್ನೂ ಅದರ ಕುಪ್ಪಸವನ್ನೂ ತೊಯಿಸಿ ಹಿಂಡಿ ಬುಟ್ಟಿಯಲ್ಲಿಟ್ಟುಕೊಂಡು ಬಾಗಿಲಲ್ಲೇ ಕೂತಿದ್ದಳು. ನಡೆದದ್ದನ್ನು ಹೇಳಿದೆ. ಅವಳು ನಗಲಿಲ್ಲ. ಒಳಗೆ ಕರೆದು ನೀಲವ್ವ ಹೊದ್ದಿದ್ದ ಕೌದಿಯನ್ನು ತೋರಿಸಿದಳು. ನಾನು ಅದನ್ನು ನೋಡಿದ್ದೆ, ಕಂಡಿರಲಿಲ್ಲ. ನಡುವೆ ನೀಲಿ ಚೌಕಳಿಯ ದೊಡ್ಡ ತೇಪೆ ಇತ್ತು, ಅದರಲ್ಲಿ ಎಳೆಯ ಹೆಗಲೊಂದು ಉಬ್ಬಿಕೊಂಡಿತ್ತು. ಮನೆ ಬಿಟ್ಟಾಗ ನೀಲವ್ವ ತನ್ನ ಅಂಗಿಯನ್ನು ಗಂಟಿನಲ್ಲಿ ಕಟ್ಟಿಕೊಂಡೇ ಬಂದಿದ್ದಳಂತೆ. ಸುಡೋಣವೇ ಎಂದು ಮೆಹಬೂಬಿ ಕೇಳಿದಾಗ, ಅವನೇನು ಪಾಪ ಮಾಡಿದ್ದ, ಚಳಿಗಾದರೂ ಆಗಲಿ ಎಂದು ಕತ್ತರಿಸಿ ಕೌದಿಗೆ ಹಚ್ಚಿದ್ದಳಂತೆ.

ತೇಪೆಯ ಮೇಲೆ ಕೈಯಿಟ್ಟು ನಿಂತುಬಿಟ್ಟೆ. ಮೆಹಬೂಬಿ ಬುಟ್ಟಿಯನ್ನು ನನ್ನ ಸೊಂಟಕ್ಕೆ ಏರಿಸಿದಳು.

“ಲಗೂ ನಡಿ ಅಕ್ಕಾ. ಆರಿದ್ರ ನೀಲವ್ವ ಬುಟ್ಟ್ಯಾಗ ಎದ್ದ ಕುಂದರತಾಳ.”

ನಾವು ಮೂವರೂ ಓಣಿಯಲ್ಲಿ ಬಂದೆವು. ಮುಂದೆ ನಾನು, ಹಿಂದೆ ಮೆಹಬೂಬಿ, ಅವಳ ಹಿಂದೆ ನೀಲವ್ವನ ಹಲಗೆ ಹೊತ್ತ ಪರಸಪ್ಪ. ಜನ ಸರಿದು ದಾರಿ ಬಿಟ್ಟರು. ಕೆಲವರು ಚಪ್ಪಲಿ ಹುಡುಕಿಕೊಂಡು ಮನೆಗೆ ಹೊರಟರು. ಹೋದವರ ಹೆಸರು ನಾನು ನೆನಪಿಟ್ಟುಕೊಂಡಿಲ್ಲ.

ಹಾಕುವ ಕೈ ಫಕೀರಪ್ಪನದು. ಕುಪ್ಪಸವನ್ನು ಹಾಕಿದ. ಸೀರೆಯನ್ನು ಬುಟ್ಟಿಯಿಂದ ಎತ್ತಿದವನು ಹಾಗೆಯೇ ನಿಂತ. ಹೆಂಗಸರ ಬಟ್ಟೆಯನ್ನು ಅವನು ಜನ್ಮದಲ್ಲಿ ಹಗ್ಗಕ್ಕೆ ಹಾಕಿದವನಲ್ಲ. ಯಾವ ತುದಿ ಎಲ್ಲಿ ಎಂದು ಅವನ ಕೈಗೆ ತಿಳಿಯಲಿಲ್ಲ. ಓಣಿಯೆಲ್ಲ ನೋಡುತ್ತಿತ್ತು.

“ಸೆರಗು ಎಡಕ್ಕ ಯಣ್ಣಾ,” ಅಂದಳು ಮೆಹಬೂಬಿ, ಮೆಲ್ಲಗೆ. “ಬಲ ಹೆಗಲಾಗ ಹಲಗಿ ಪಟ್ಟಿ ಇರತಿತ್ತು ಆಕಿಗೆ.”

ಅವನು ಸೆರಗನ್ನು ಎಡಕ್ಕೆ ಹಾಕಿದ. ಸೀರೆ ಹಗ್ಗ ಹಿಡಿದ ಮೇಲೆ ಪಕ್ಕದ ಅಂಗಿಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಶಲ್ಯ ಜಗಲಿಯ ಮೇಲೇ ಇತ್ತು.

ಸೀರೆ ಆರಲು ಹೊತ್ತು ಹಿಡಿಯಿತು. ಕಾದೆವು. ಮೊದಲು ನೆರಿಗೆ ಕೂಡಿಕೊಂಡವು, ಆಮೇಲೆ ಹೆಗಲು ಬಂತು, ನಮ್ಮಪ್ಪನ ಹೆಗಲು. ಆಮೇಲೆ ಆ ನಿಲುವು. ಬಲ ಭುಜ ಇಳಿದು, ಒಂದು ಕಡೆ ಭಾರ ಹಾಕಿ, ಯಾರದೋ ಮಾತು ಮುಗಿಯಲೆಂದು ತಡೆದು ನಿಂತ ಹಾಗೆ. ನನ್ನ ಪಕ್ಕದಲ್ಲಿದ್ದ ಫಕೀರಪ್ಪ ಒಂದು ಹೆಜ್ಜೆ ಮುಂದೆ ಹೋದ. ಆಯಿಯ ನಿಲುವು ಅವನಿಗೂ ಗುರುತಿತ್ತು. ಅವನೂ ಆಕೆಯ ಸೆರಗು ಹಿಡಿದೇ ನಡೆಯಲು ಕಲಿತವನು.

ಅಂಬವ್ವ ಮತ್ತೆ ಬಂದಳು. ಸೆರಗನ್ನು ಹುಡುಕಿ ಹಿಡಿದುಕೊಂಡು, ಹೆಗಲಿನಿಂದ ಸೊಂಟದ ತನಕ ಕೈಯಾಡಿಸಿದಳು.

“ಹೋಗಿ ಬಾ ನೀಲವ್ವಾ,” ಅಂದಳು. “ಹೆಸರು ತಿಳೀಲಿಲ್ಲ ನನಗ ಇಷ್ಟು ದಿನ.”

ಅವಳ ಹಿಂದೆ ಒಬ್ಬೊಬ್ಬರೇ ಬಂದರು. ಪರಸಪ್ಪ ತನಗಿದ್ದ ಒಂದೇ ಕೈಯಿಂದ ಹಲಗೆ ಬಾರಿಸಿದ. ಎರಡು ಕೋಲಿನ ಪೆಟ್ಟಿನಲ್ಲಿ ಒಂದು ಮಾತ್ರ ಕೇಳುತ್ತಿತ್ತು, ಇನ್ನೊಂದರ ಜಾಗ ಹಾಗೆಯೇ ಉಳಿಯುತ್ತಿತ್ತು.

ಹೊತ್ತು ಮುಳುಗಿದಾಗ ಸೀರೆ ಒಮ್ಮೆ ನಿಡಿದಾಗಿ ಉಸಿರು ಬಿಟ್ಟ ಹಾಗೆ ಆಗಿ ಜೋತುಬಿತ್ತು. ಅದೇ ಗಳಿಗೆಗೆ ಗಿರಣಿಯಲ್ಲಿ ಕೌದಿಯ ತೇಪೆಯೂ ಸಪಾಟಾಗಿತ್ತಂತೆ. ಫಕೀರಪ್ಪನಿಗೆ ಏನೂ ಆಗಲಿಲ್ಲ. ಅವನು ಸೀರೆಯನ್ನು ಇಳಿಸಿದ, ಗೋಡೆಗೆ ಮುಖ ಮಾಡದೆ ಜನರ ಎದುರಿಗೇ ಮಡಚಿದ. ಅವನ ಹೆಂಡತಿ ದೀಪ ತಂದಿಟ್ಟಳು. ಹಚ್ಚಿದವನು ಹೆಸರು ಹೇಳಬೇಕು. ಬತ್ತಿ ಹೊತ್ತಿಕೊಂಡು, ಎಣ್ಣೆ ಚಟಪಟ ಅಂದು, ಜ್ವಾಲೆ ನಿಂತ ಮೇಲೂ ಅವನ ಬಾಯಿ ತೆರೆಯಲಿಲ್ಲ. ಮೆಹಬೂಬಿ ನನ್ನ ಕೈ ಹಿಡಿದುಕೊಂಡಳು.

“ನಮ್ಮ ತಂಗಿ,” ಅಂದ ಫಕೀರಪ್ಪ. ಆಮೇಲೆ ಹೆಸರು ಹೇಳಿದ, “ನೀಲವ್ವ.”

ಹಗ್ಗವನ್ನು ಆ ಸಂಜೆಯೇ ಬಿಚ್ಚಬೇಕು. ಅವನು ಬಿಚ್ಚುವುದನ್ನು ಮರೆತನೋ, ಬಿಟ್ಟನೋ, ನಾನು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಬರಿ ಹಗ್ಗ ಗಾಳಿಗೆ ತೂಗುತ್ತಿತ್ತು. ಒಳಗೆ ಬಂದು ಮಂಚದ ಕೆಳಗಿನ ಗೋಣಿ ಸರಿಸಿದೆ, ಮೊರ ಎತ್ತಿದೆ. ಕುಪ್ಪಸ ಹಸಿಯಾಗಿಯೇ ಇತ್ತು. ಅದನ್ನು ಹಿಡಿದುಕೊಂಡು ಹೊಸ್ತಿಲ ಹತ್ತಿರ ಎಷ್ಟು ಹೊತ್ತು ನಿಂತೆನೋ, ಹಾಲು ತರಲು ಹೋದ ಫಕೀರಪ್ಪ ತಿರುಗಿ ಬಂದ. ನನ್ನ ಕೈಯಲ್ಲಿದ್ದದ್ದನ್ನು ನೋಡಿದ. ಹಾಲಿನ ತಂಬಿಗೆ ಕೆಳಗಿಟ್ಟು, ಹೋಗಿ ಸಡಿಲವಾದ ಹಗ್ಗವನ್ನು ಜಗ್ಗಿ ಬಿಗಿಯಾಗಿ ಕಟ್ಟಿ, ತಂಬಿಗೆ ಎತ್ತಿಕೊಂಡು ಒಳಗೆ ಹೋದ.

ಕುಪ್ಪಸ ಹಾಕಿದೆ. ಜಗಲಿಯ ಮೇಲೆ ಕೂತು ನೋಡಿದೆ. ಬಲಗಡೆ ಮೆಲ್ಲಗೆ ತುಂಬಿಕೊಂಡಿತು, ಎಡಗಡೆ ಹಾಗೆಯೇ ಎಲುಬಿಗೆ ಅಂಟಿ ನಿಂತಿತು. ಮುದುಕಿಯ ಮೈ. ಓಣಿಯಲ್ಲಿ ಜನ ಓಡಾಡುತ್ತಿದ್ದರು. ಕೆಲವರು ನೋಡಿ ಕಣ್ಣು ತಿರುಗಿಸಿದರು, ಒಬ್ಬಳು ಕೊಡ ಇಳಿಸಿ ನಿಂತು ನೋಡಿ, ಕೊಡ ಎತ್ತಿಕೊಂಡು ಹೋದಳು. ಮಧ್ಯಾಹ್ನ ಅಂಬವ್ವ ತನ್ನ ಬಾಗಿಲಿನಿಂದ ಕೂಗಿ ಹೇಳಿದಳು:

“ಸಂಕವ್ವಾ, ಗಾಳಿ ಎದ್ದೈತಿ ನೋಡು. ಧೂಳ ಹಿಡೀತೈತಿ, ನಿನ್ನ ಕುಬಸ ತಗೀಬೇ.”

ತೆಗೆದು ಒಳಗೆ ತಂದೆ. ಗರಿಗರಿಯಾಗಿತ್ತು, ಬೆಚ್ಚಗಿತ್ತು. ಮುಖಕ್ಕೆ ಹಿಡಿದುಕೊಂಡೆ. ಹೊಸ ಜೋಳವನ್ನು ಹಂಚಿನ ಮೇಲೆ ಹುರಿಯುವಾಗ, ಅದು ಅರಳುವುದಕ್ಕೆ ಸ್ವಲ್ಪ ಮೊದಲು ಬರುತ್ತದಲ್ಲ, ಅಂಥ ವಾಸನೆ. ನೀಲವ್ವ ಹಿತ್ತಲ ಕಲ್ಲಿನ ಮೇಲೆ ಬಂದು ಕೂತಾಗೆಲ್ಲ ಅವಳ ಸೆರಗಿನಿಂದ ಇದೇ ಬರುತ್ತಿತ್ತು. ನಾನು ಅದನ್ನು ರೊಟ್ಟಿಯ ವಾಸನೆ ಅಂದುಕೊಂಡಿದ್ದೆ.